‘ಆ ಲಿಸ್ಟಿನಾಗ ನನ್ನ ಹೆಸರು ಐತೇನು?’ ಮುನ್ನೇಮಕ ಅಂದ್ರ ಹಣೆಬರಹನಾ?

ಬೆಟಗೇರಿ ಅವ್ವ · ರಾತ್ರಿ 10:12

ಎಲ್ಲಾರಿಗೂ ವಂದನೆ. ನಾನು ಇಲ್ಲಿ ಓದಾಕಿ, ಬರಿಯಾಕಿ ಅಲ್ಲ. ಇವತ್ತು ಕೇಳಲೇಬೇಕಾಗೈತಿ.

ನಮ್ಮ ಮಾವನವರ ಮನಿತನ ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಪ್ರಾಟೆಸ್ಟಂಟ್ ಮಿಷನರಿ ಸಂಸ್ಥಾ) ಸಭಾದವರು. ಈಗ ನಾವು ಬೆಂಗಳೂರಾಗ ಅದೀವಿ. ಮನಿಯವರು ಎರಡು ವರ್ಷದಿಂದ ಆಫೀಸಿನ ಗೆಳೆಯರ ಜೋಡಿ ಒಂದು ಬೈಬಲ್ ಸ್ಟಡಿಗೆ ಹೋಗ್ತಾರ. ಮಂದಿ ಒಳ್ಳೇವ್ರ, ಕುಡಿಯೋದಿಲ್ಲ, ಸೇದೋದಿಲ್ಲ, ಕಷ್ಟಕ್ಕ ಆಗ್ತಾರ. ಆದ್ರ ಅಲ್ಲಿ ಕಲಿಸೋದು ಹಿಂಗೈತಿ: ಲೋಕ ಹುಟ್ಟೂಕಿಂತ ಮೊದಲ ದೇವರು ಯಾರ್‍ಯಾರಿಗೆ ರಕ್ಷಣೆ ಅಂತ ಆರಿಸಿ ಇಟ್ಟಾನ. ಆರಿಸಿದವರು ಬಂದೇ ಬರ್ತಾರ. ಉಳಿದವರು ಏನು ಮಾಡಿದ್ರೂ ಬರಂಗಿಲ್ಲ. ಇದಕ್ಕ ‘ಮುನ್ನೇಮಕ’ ಅಂತಾರ.

ಹೋದ ವಾರ ಊಟಕ್ಕ ಕುಂತಾಗ ಇದ ಮಾತು ನಡದಿತ್ತು. ಮಗಗ ಒಂಬತ್ತು ವರ್ಷ. ರೊಟ್ಟಿ ಮುರಿಯೋದು ಬಿಟ್ಟು ಅಪ್ಪನ ಬಾಯಿ ನೋಡಕೋತ ಕುಂತಿದ್ದ. ರಾತ್ರಿ ಹಾಸಿಗಿ ಹಾಸೂಮುಂದ ಕೇಳಿದ: “ಅವ್ವಾ, ಆ ಲಿಸ್ಟಿನಾಗ ನನ್ನ ಹೆಸರು ಐತೇನು?”

ಅವಗ ಲಿಸ್ಟ್ ಅಂದ್ರ ಸಾಲಿ ನೋಟಿಸ್ ಬೋರ್ಡಿನ ಲಿಸ್ಟು. ಈ ಸಾಲಿಗೆ ಸೇರಿಸೂಮುಂದ ಮೊದಲನೇ ಹಾಳ್ಯಾಗ ಅವನ ಹೆಸರು ಇರಲಿಲ್ಲ. ಎರಡನೇ ಹಾಳಿ ಗಾಳಿಗೆ ಮಡಚಿಕೊಂಡಿತ್ತು. ಅದನ್ನ ಬಿಡಿಸಿ ನೋಡೂತನಕ ನನ್ನ ಸೆರಗು ಹಿಡಕೊಂಡು ಉಸುರು ಬಿಗಿಹಿಡಿದು ನಿಂತಿದ್ದ. ಅವತ್ತಿನ ಮುಖಾನ ಮತ್ತ ನೋಡಿದೆ.

ನಮ್ಮತ್ತಿ ಅಡಿಗಿಮನ್ಯಾಗಿಂದನ ಒದರಿದ್ರು: “ಹಣೆಬರಹ ಅಂತ ನಮ್ಮ ಹಿರೇರು ಬಿಟ್ಟು ಬಂದದ್ದನ್ನ ಇವ ಚೀಲದಾಗ ಹಾಕ್ಕೊಂಡು ತಿರುಗಿ ಮನಿಗೆ ತಂದಾನ!” ಅವತ್ತಿಂದ ತಾಯಿ-ಮಗನ ನಡುವೆ ಮಾತಿಲ್ಲ.

ತಿಳಿದವರು ಹೇಳ್ರಿ. ಇದು ಖರೇ ಏನು? ಮಗಗ ನಾನು ಏನು ಹೇಳ್ಲಿ?

ಶಿವಾಜಿನಗರ ಬಸ್‌ಸ್ಟ್ಯಾಂಡ್ · 10:15

ಅತ್ತೆಯವರಿಗೆ ದೊಡ್ಡ ನಮಸ್ಕಾರ.

ಡಾರ್ಟ್ ಅಭಿಮಾನಿ · 10:31

ಸಿಸ್ಟರ್, ನಾನೂ ನಿಮ್ಮ ಯಜಮಾನರ ತರಹದವನೇ, ಹಾಗಾಗಿ ಬೈಗುಳಕ್ಕೆ ಸಿದ್ಧನಾಗಿಯೇ ಬರೀತಿದ್ದೇನೆ.

ಮೊದಲನೆಯದಾಗಿ, ಇದನ್ನು ಯಾರೋ ಆಫೀಸಿನವರು ಕಟ್ಟಿದ್ದಲ್ಲ. ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ 8ನೇ ಅಧ್ಯಾಯ 29, 30ನೇ ವಚನ ತೆಗೆಯಿರಿ. ಮೊದಲೇ ತಿಳಿದವರನ್ನು ನೇಮಿಸಿದ, ನೇಮಿಸಿದವರನ್ನು ಕರೆದ, ಕರೆದವರನ್ನು ನೀತಿವಂತರೆಂದು ನಿರ್ಣಯಿಸಿದ, ಅವರನ್ನೇ ಮಹಿಮೆಗೆ ಸೇರಿಸಿದ. ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿಲ್ಲ. ಎಫೆಸ 1ರ 4, 5 ಕೂಡ ನೋಡಿ. ಪೌಲ ಇದನ್ನು ಬರೆದದ್ದು ಯಾರನ್ನೂ ಹೆದರಿಸೋಕಲ್ಲ. ಹಿಂಸೆ, ಹಸಿವು, ಕತ್ತಿ ಎಲ್ಲ ಎದುರಿಸುತ್ತಿದ್ದ ಜನಕ್ಕೆ ‘ನಿಮ್ಮನ್ನು ಹಿಡಿದ ಕೈ ಸಡಿಲ ಆಗಲ್ಲ’ ಅಂತ ಧೈರ್ಯ ಹೇಳೋಕೆ.

ಎರಡನೆಯದು, ಹಣೆಬರಹಕ್ಕೂ ಇದಕ್ಕೂ ಅಜಗಜಾಂತರ. ಹಣೆಬರಹಕ್ಕೆ ಕಿವಿ ಇಲ್ಲ, ಮುಖ ಇಲ್ಲ. ‘ಹಣೆಬರಹಕ್ಕೆ ಹೊಣೆ ಯಾರು’ ಅಂತಾರಲ್ಲ, ಅಲ್ಲಿ ಯಾರೂ ಹೊಣೆ ಇಲ್ಲ. ಇಲ್ಲಿ ಹೊಣೆ ಹೊತ್ತವನು ಒಬ್ಬ ತಂದೆ.

ಮೂರನೆಯದು ನಿಮ್ಮ ಮಗನ ವಿಷಯ. ನಮ್ಮ ಪಂಥದ ತಳಪಾಯವೇ 1618-19ರಲ್ಲಿ ಹಾಲೆಂಡಿನ ಡಾರ್ಟ್ ಊರಲ್ಲಿ ಸೇರಿದ ಸಭೆಯ ತೀರ್ಮಾನಗಳು. ಅದರ ಮೊದಲ ಭಾಗದ 17ನೇ ಕಲಮು ವಿಶ್ವಾಸಿಗಳ ಮಕ್ಕಳ ಬಗ್ಗೆಯೇ ಇದೆ. ಎಳೆಯ ವಯಸ್ಸಿನಲ್ಲೇ ದೇವರು ಕರೆದುಕೊಂಡ ಮಕ್ಕಳು ಆರಿಸಲ್ಪಟ್ಟವರೋ ಅಲ್ಲವೋ ಅಂತ ತಂದೆತಾಯಿ ಸಂಶಯಪಡಬಾರದು ಅನ್ನುತ್ತೆ. 16ನೇ ಕಲಮು ಇನ್ನೂ ಮೃದು: ಭರವಸೆ ಇನ್ನೂ ಗಟ್ಟಿಯಾಗದವರು ಈ ಮಾತು ಕೇಳಿ ಎದೆಗುಂದಬಾರದು, ತಮ್ಮನ್ನು ತಳ್ಳಲ್ಪಟ್ಟವರ ಸಾಲಿಗೆ ಸೇರಿಸಿಕೊಳ್ಳಬಾರದು ಅಂತ. ಇದನ್ನು ನಿಮ್ಮ ಯಜಮಾನರಿಗೆ ತೋರಿಸಿ. ಊಟದ ತಟ್ಟೆ ಮುಂದೆ ಅರ್ಧ ಪಾಠ ಮಾಡಿದ್ದು ಅವರ ತಪ್ಪು.

ವೆಸ್ಲಿ ಮೊಮ್ಮಗ ತುಮಕೂರು · 10:44

‘ಕೈ ಸಡಿಲ ಆಗಲ್ಲ’ ಸರಿ ಕಣಪ್ಪ. ಆ ಕೈ ಹಿಡಿಯದೇ ಬಿಟ್ಟವರ ಕಥೆ? ಅದನ್ನ ಯಾಕೆ ಮೆಲ್ಲಗೆ ದಾಟಿಸಿದೆ?

1 ತಿಮೊಥೆಯ 2:4, ಎಲ್ಲಾ ಮನುಷ್ಯರೂ ರಕ್ಷಣೆ ಹೊಂದಬೇಕು ಅನ್ನೋದು ದೇವರ ಇಷ್ಟ. 2 ಪೇತ್ರ 3:9, ಯಾರೂ ನಾಶವಾಗೋದು ಅವನಿಗೆ ಇಷ್ಟ ಇಲ್ಲ. ಈಗ ನೀನು ‘ಎಲ್ಲಾ ಅಂದ್ರೆ ಎಲ್ಲಾ ಥರದ ಮನುಷ್ಯರು’ ಅಂತ ಶುರು ಮಾಡ್ತೀಯ, ಗೊತ್ತು.

ಡಾರ್ಟ್ ಅಭಿಮಾನಿ · 10:46

ಅಣ್ಣಾ, ಎಲ್ಲಾ ಅಂದ್ರೆ ಎಲ್ಲಾ ಥರದ ಮನುಷ್ಯರು. ಹಿಂದಿನ ಎರಡು ವಚನ ಓದಿ, ಅರಸರು, ಅಧಿಕಾರಿಗಳು ಅಂತ ಬರುತ್ತೆ.

ವೆಸ್ಲಿ ಮೊಮ್ಮಗ ತುಮಕೂರು · 10:47

ಹೇಳಿದ್ನಾ ಇಲ್ವಾ!

ಮಡಿವಾಳ ಮಾರ್ಕೆಟ್ · 10:52

ಹಂಗಾದ್ರೆ ನಾನು ನಾಸ್ತಿಕ ಆಗಿರೋದೂ ಅವನ ಪ್ಲ್ಯಾನೇ. ನನ್ನ ಮೇಲೆ ಯಾರೂ ಕೋಪ ಮಾಡ್ಕೋಬೇಡಿ ಸ್ವಾಮಿ.

ಶಿವಾಜಿನಗರ ಬಸ್‌ಸ್ಟ್ಯಾಂಡ್ · 10:53

ಪೌಲನಿಗೂ ಇದೇ ಪ್ರಶ್ನೆ ಹಾಕಿದ್ರು. ರೋಮಾ 9:19. ‘ಹಾಗಾದರೆ ದೇವರು ತಪ್ಪು ಹಿಡಿಯೋದು ಯಾಕೆ?’ ಉತ್ತರ ಏನು ಕೊಟ್ಟ? ಮಡಕೆ ಕುಂಬಾರನ ಜತೆ ವಾದ ಮಾಡುತ್ತಾ ಅಂತ. ನನ್ನ ಪ್ರಕಾರ ಉತ್ತರ ಸಿಕ್ಕದೇ ರೇಗಿದ್ದು.

ವೆಸ್ಲಿ ಮೊಮ್ಮಗ ತುಮಕೂರು · 11:05

ಒಂದು ಕಥೆ ಹೇಳ್ತೀನಿ, ಕೇಳಿ. 18ನೇ ಶತಮಾನದ ಇಂಗ್ಲೆಂಡಿನ ಬೋಧಕರು, ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್, ಆಕ್ಸ್‌ಫರ್ಡ್‌ನಲ್ಲಿ ಜತೆಗೆ ಪ್ರಾರ್ಥನೆ ಮಾಡ್ತಿದ್ದ ದೋಸ್ತಿಗಳು. ಬಯಲಲ್ಲಿ ನಿಂತು ಗಣಿ ಕೂಲಿಗಳಿಗೆ ಬೋಧನೆ ಮಾಡೋಕೆ ವೆಸ್ಲಿಗೆ ದಾರಿ ತೋರಿಸಿದ್ದೇ ವೈಟ್‌ಫೀಲ್ಡ್. ಆದ್ರೆ ವೈಟ್‌ಫೀಲ್ಡ್ ಮುನ್ನೇಮಕದ ಪಕ್ಷ, ವೆಸ್ಲಿ ವಿರುದ್ಧ. 1739ರಲ್ಲಿ ವೆಸ್ಲಿ ಬ್ರಿಸ್ಟಲ್‌ನಲ್ಲಿ ಖಾರವಾದ ಒಂದು ಪ್ರಸಂಗ ಮಾಡಿದ: ದೇವರ ಕೃಪೆ ಎಲ್ಲರಿಗೂ ಉಚಿತ, ಯಾರನ್ನೋ ಮೊದಲೇ ನರಕಕ್ಕೆ ಬರೆದಿಟ್ಟ ಅಂದ್ರೆ ಆ ದೇವರು ಸೈತಾನನಿಗಿಂತ ಕಡೆ ಆಗ್ತಾನೆ, ಅಷ್ಟು ದೂರ ಹೋದ. ಅಚ್ಚು ಹಾಕಿಸಬೇಡಪ್ಪಾ ಅಂತ ವೈಟ್‌ಫೀಲ್ಡ್ ಕೈಮುಗಿದು ಕಾಗದ ಬರೆದ.

ಈಗ ಮಜಾ ನೋಡಿ. ಹಾಕಿಸಲೋ ಬೇಡವೋ ಅಂತ ವೆಸ್ಲಿ ಏನು ಮಾಡಿದ? ಚೀಟಿ ಎತ್ತಿದ! ‘ಬೋಧಿಸು, ಅಚ್ಚು ಹಾಕಿಸು’ ಅಂತ ಬಂತು, ಹಾಕಿಸಿದ. ‘ಎಲ್ಲಾ ಮೊದಲೇ ತೀರ್ಮಾನ ಆಗಿಲ್ಲ’ ಅನ್ನೋ ಪ್ರಸಂಗದ ತೀರ್ಮಾನ ಚೀಟಿಯಿಂದ! ವೈಟ್‌ಫೀಲ್ಡ್ ಬಿಡ್ತಾನಾ, 1740ರ ಡಿಸೆಂಬರ್ 24ರಂದು ಅಮೆರಿಕದ ಜಾರ್ಜಿಯಾದಿಂದ ಬರೆದ ಬಹಿರಂಗ ಪತ್ರದಲ್ಲಿ ಈ ಚೀಟಿ ಕಥೇನೆಲ್ಲ ಊರಿಗೇ ಸಾರಿಬಿಟ್ಟ. ಗುಟ್ಟು ಬಯಲು ಮಾಡಿದ್ದಕ್ಕೆ ಆಮೇಲೆ ಕ್ಷಮೆ ಕೇಳಿದ, ಅದು ಬೇರೆ.

ನಮ್ಮ ತಾತನ ಮೇಷ್ಟ್ರು ಈ ಕಥೆ ಹೇಳುವಾಗೆಲ್ಲ ಚೀಟಿ ಭಾಗ ಹಾರಿಸ್ತಿದ್ರಂತೆ.

ಡಾರ್ಟ್ ಅಭಿಮಾನಿ · 11:09

ಚೀಟಿ ಭಾಗ ನೀವೇ ಹೇಳಿದ್ದಕ್ಕೆ ನಿಮಗೆ ಒಂದು ಕಾಫಿ ಬಾಕಿ.

ಬೆಟಗೇರಿ ಅವ್ವ · 11:14

ಕಥಿ ಚೊಲೋ ಐತ್ರಿ. ಇಬ್ಬರೂ ಕಡೀಗೆ ಮಾತಾಡಿದ್ರೇನು?

ವೆಸ್ಲಿ ಮೊಮ್ಮಗ ತುಮಕೂರು · 11:17

ಹೂಂ ಅಕ್ಕಾ. ವಾದ ಮುಗೀಲಿಲ್ಲ, ಮಾತು ಕೂಡಿತು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಅವನದೇ ಆಸೆ ಪ್ರಕಾರ ಲಂಡನ್ನಿನಲ್ಲಿ ಶೋಕಸಭೆಯ ಪ್ರಸಂಗ ಮಾಡಿದ್ದು ವೆಸ್ಲಿಯೇ.

ಕುಡ್ಲದ ಬಂಗುಡೆ · 11:20

ನಿಮ್ಮ ಜಗಳ ನೋಡಿ ನಮಗೆ ನಗು ಬರ್ತದೆ ಮಾರಾಯ್ರೆ. ನಮ್ಮ ಕಥೋಲಿಕರಲ್ಲಿ ಇದೇ ಜಗಳ ಅದಕ್ಕೆ ನೂರೈವತ್ತು ವರ್ಷ ಮೊದಲೇ ಆಗಿದೆ, ಅದೂ ಎರಡು ಸನ್ಯಾಸಿ ಸಭೆಗಳ ಮಧ್ಯೆ. ಒಂದು ಕಡೆ ಡೊಮಿನಿಕನ್ನರು, ಒಂದು ಕಡೆ ಜೆಸ್ವಿಟರು. ಮೊಲಿನಾ ಅಂತ ಸ್ಪೇನಿನ ಜೆಸ್ವಿಟ್ 1588ರಲ್ಲಿ ಒಂದು ದಪ್ಪ ಪುಸ್ತಕ ಬರೆದರು. ದೇವರ ಕೃಪೆ, ಮನುಷ್ಯನ ಸ್ವಾತಂತ್ರ್ಯ ಎರಡನ್ನೂ ಹೊಂದಿಸಲಿಕ್ಕೆ. ಡೊಮಿನಿಕನ್ನರಿಗೆ ಸಿಟ್ಟು ಬಂತು. ಪೋಪರ ಎದುರು ವರ್ಷಗಟ್ಟಲೆ ವಾದ. ಕಡೆಗೆ 1607ರಲ್ಲಿ ಐದನೇ ಪೌಲ್ ಪೋಪರು ಎಂತ ತೀರ್ಪು ಕೊಟ್ಟದ್ದು ಗೊತ್ತುಂಟಾ? ತೀರ್ಪೇ ಇಲ್ಲ! ನೀವೂ ಕಲಿಸಿ, ಅವರೂ ಕಲಿಸಲಿ, ಒಬ್ಬರನ್ನೊಬ್ಬರು ಪಾಷಂಡಿ ಅಂತ ಬಯ್ಯಬೇಡಿ, ಮನೆಗೆ ಹೋಗಿ.

ನನಗೆ ಇದಕ್ಕಿಂತ ಬುದ್ಧಿವಂತ ತೀರ್ಪು ಗೊತ್ತಿಲ್ಲ.

ವಿಜಯಪುರ ಎಕ್ಸ್‌ಪ್ರೆಸ್ · 11:24

ಮೊಲಿನಾ ಏನ್ ಹೇಳಿದ್ರು ಅದನ್ನ ಬಿಟ್ರೆಲ್ಲ?

ಕುಡ್ಲದ ಬಂಗುಡೆ · 11:33

ಸಿಇಟಿ ಕೌನ್ಸೆಲಿಂಗ್ ಮಾಡಿಸಿದ್ದೀರಾ? ಆಪ್ಷನ್ ಎಂಟ್ರಿ ಹುಡುಗನದ್ದು, ಸೀಟು ಹಂಚುವುದು ಮೇಲಿನವರದ್ದು. ಯಾವ ಯಾವ ಪರಿಸ್ಥಿತಿಯಲ್ಲಿ ಯಾವ ಹುಡುಗ ಸ್ವಂತ ಬುದ್ಧಿಯಿಂದ ಯಾವ ಆಪ್ಷನ್ ಒತ್ತುತ್ತಾನೆ ಅಂತ ಒತ್ತುವ ಮೊದಲೇ ಗೊತ್ತಿರುವ ಒಬ್ಬ ಅಧಿಕಾರಿ ಇದ್ದಾನೆ ಅಂತ ಇಟ್ಟುಕೊಳ್ಳಿ. ಒತ್ತಿಸುವುದಿಲ್ಲ, ಆದರೆ ಗೊತ್ತು. ಆ ತಿಳಿವಳಿಕೆ ಇಟ್ಟುಕೊಂಡು ಇಡೀ ಲೋಕದ ವ್ಯವಸ್ಥೆ ಮಾಡಿದ್ದಾನೆ. ಅದು ಮೊಲಿನಾ. ಡೊಮಿನಿಕನ್ನರು ಹೇಳಿದ್ದು: ಹಾಗಾದರೆ ದೇವರು ಹುಡುಗನ ಬೆರಳಿಗೆ ಕಾಯುತ್ತಾ ಕೂತ ಹಾಗಾಯ್ತು. ಬೆರಳು ಚಲಿಸುವುದೂ ಕೃಪೆಯಿಂದಲೇ.

ವಿಜಯಪುರ ಎಕ್ಸ್‌ಪ್ರೆಸ್ · 11:34

ನನ್ನ ಮಗಳಿಗೆ ಮೂರನೇ ರೌಂಡಿನಾಗೂ ಸೀಟ್ ಸಿಗಲಿಲ್ಲ. ಮೊಲಿನಾ ಸಾಹೇಬ್ರನ್ನ ಒಂದು ಸಲ ಕಾಣಬೇಕಿತ್ತು.

ರಥಬೀದಿ ಮಾಣಿ · 11:41

ನಾನು ನಿಮ್ಮ ಮತದವನಲ್ಲ, ಉಡುಪಿಯವ. ಆದರೆ ಈ ಚರ್ಚೆ ನಮಗೆ ಹೊಸತಲ್ಲ. ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಜೀವರಲ್ಲಿ ಮೂರು ವಿಧ ಹೇಳಿದ್ದಾರೆ. ಮುಕ್ತಿಯೋಗ್ಯರು, ಹುಟ್ಟುಸಾವಿನಲ್ಲೇ ಸುತ್ತುವ ನಿತ್ಯಸಂಸಾರಿಗಳು, ಅಂಧತಮಸ್ಸಿಗೆ ಹೋಗುವ ತಮೋಯೋಗ್ಯರು. ನಿಮ್ಮ ಮುನ್ನೇಮಕದ ದೊಡ್ಡ ಗುರು, 16ನೇ ಶತಮಾನದ ಕ್ಯಾಲ್ವಿನ್‌ನ ಅಜ್ಜನೂ ಆಗ ಹುಟ್ಟಿರಲಿಕ್ಕಿಲ್ಲ.

ಮುಗಿಯದ ಬಿ.ಡಿ. · 11:50

ಮಾಣಿಯವರೇ, ಹೋಲಿಕೆ ಇದೆ, ಆದರೆ ಒಳಗಿನ ಕೀಲು ಬೇರೆ. ನಿಮ್ಮಲ್ಲಿ ಜೀವದ ಯೋಗ್ಯತೆ ಅನಾದಿ, ಅದು ಆ ಜೀವದ ಸ್ವರೂಪ. ದೇವರು ಇದ್ದದ್ದನ್ನು ಅರಳಿಸುತ್ತಾನೆ. ಕ್ಯಾಲ್ವಿನ್‌ನಲ್ಲಿ ಮನುಷ್ಯರೆಲ್ಲ ಒಂದೇ ಮಣ್ಣು, ಒಬ್ಬನಲ್ಲೂ ಯೋಗ್ಯತೆ ಇಲ್ಲ. ವ್ಯತ್ಯಾಸ ಇರುವುದು ಪೂರ್ತಿ ದೇವರ ಇಚ್ಛೆಯಲ್ಲಿ. ನಿಮ್ಮಲ್ಲಿ ‘ಅವನ ಸ್ವಭಾವವೇ ಹಾಗೆ’ ಅನ್ನಬಹುದು, ಕ್ಯಾಲ್ವಿನ್‌ಗೆ ಆ ದಾರಿಯೂ ಇಲ್ಲ. ಅದಕ್ಕೇ ಅವನು ಒಂದು ಕಡೆ ‘ಇದು ಭಯಂಕರ ತೀರ್ಮಾನ, ಒಪ್ಪುತ್ತೇನೆ’ ಅಂತ ಬಾಯಿಬಿಟ್ಟು ಬರೆದಿದ್ದಾನೆ.

ಮೇಲುಕೋಟೆ ಪುಳಿಯೋಗರೆ · 11:56

ಹಾಗಾದ್ರೆ ನಮ್ಮನ್ನೂ ಸೇರಿಸ್ಕೊಳ್ಳಿ. ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಅಂತಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನ ತಾನೇ ಅವುಚಿಕೊಂಡಿರಬೇಕು. ಬೆಕ್ಕಿನಮರಿ ಏನೂ ಮಾಡಬೇಕಾಗಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತೆ. ವಡಗಲೆ, ತೆಂಗಲೆ ಪಂಗಡಗಳ ಜಗಳದ ಒಂದು ಎಳೆ ಇದೇ. ತುಮಕೂರಿನವರು ಕೋತಿಮರಿ, ಡಾರ್ಟ್‌ನವರು ಬೆಕ್ಕಿನಮರಿ. ಸರೀನಾ?

ವೆಸ್ಲಿ ಮೊಮ್ಮಗ ತುಮಕೂರು · 11:58

ಕೋತಿ ಅನ್ನಿಸಿಕೊಂಡಿದ್ದು ಬೇಜಾರಿಲ್ಲ. ಆದ್ರೆ ವೆಸ್ಲಿ ಪ್ರಕಾರ ಅವುಚಿಕೊಳ್ಳೋ ಶಕ್ತೀನೂ ಮೊದಲು ದೇವರೇ ಕೊಡಬೇಕು, ಅದನ್ನ ಎಲ್ಲರಿಗೂ ಕೊಟ್ಟಿದ್ದಾನೆ. ಅಂದ್ರೆ ಅರ್ಧ ಬೆಕ್ಕು.

ಡಾರ್ಟ್ ಅಭಿಮಾನಿ · 11:59

ತಾಯಿಬೆಕ್ಕು ಬೀದಿಯ ಮರಿಗಳನ್ನೆಲ್ಲ ಎತ್ತಿಕೊಂಡು ಬರಲ್ಲ, ಅದನ್ನೂ ಹೇಳಿ.

ಶಿವಾಜಿನಗರ ಬಸ್‌ಸ್ಟ್ಯಾಂಡ್ · ನಡುರಾತ್ರಿ 12:02

ನೋಡಿ, ಇಂಥ ಮಾತಿಗೇ ಜನ ಓಡಿಹೋಗೋದು. ಸರ್ವೇಟಸ್ ಅನ್ನೋ ಸ್ಪೇನಿನ ಪಂಡಿತನನ್ನ ಮುನ್ನೇಮಕ ಒಪ್ಪಲಿಲ್ಲ ಅಂತ ಜಿನೀವಾದಲ್ಲಿ ಜೀವಂತ ಸುಟ್ಟ ಕ್ಯಾಲ್ವಿನ್ ಗುರುವಿನ ಶಿಷ್ಯರು ಅಲ್ವಾ.

ಮುಗಿಯದ ಬಿ.ಡಿ. · 12:10

ತಿದ್ದುಪಡಿ. ಸರ್ವೇಟಸ್‌ನನ್ನು 1553ರಲ್ಲಿ ಸುಟ್ಟದ್ದು ತ್ರಿತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನೋದು) ಮತ್ತು ಶಿಶುಗಳ ದೀಕ್ಷಾಸ್ನಾನದ ವಿಷಯಕ್ಕೆ. ಮುನ್ನೇಮಕದ ವಿರುದ್ಧ ಮಾತಾಡಿ ಸಿಕ್ಕಿಬಿದ್ದವನು ಬೋಲ್ಸೆಕ್ ಅಂತ ಒಬ್ಬ ವೈದ್ಯ, ಅವನನ್ನು 1551ರಲ್ಲಿ ಊರು ಬಿಡಿಸಿದರು. ಎರಡೂ ಹೆಮ್ಮೆಪಡುವ ಸಂಗತಿ ಅಲ್ಲ.

ನಿರ್ವಾಹಕರು · 12:12

ಬೆಕ್ಕು, ಕೋತಿ, ಸುಟ್ಟದ್ದು ಸಾಕು. ಅವ್ವನವರು ಕೇಳಿದ್ದು ಮಗನಿಗೆ ಏನು ಹೇಳಲಿ ಅಂತ.

ಉಪದೇಶಿ ಮಗಳು · ಬೆಳಗ್ಗೆ 6:40

ರಾತ್ರಿಯೆಲ್ಲ ಓದಿದೆ, ಈಗ ಬರೀತಿದ್ದೀನಿ.

ನಮ್ಮಣ್ಣ ಸಭೆ ಬಿಟ್ಟಿದ್ದ. ಜಗಳ ಆಡಿ ಬಿಟ್ಟದ್ದಲ್ಲ, ಸುಮ್ಮನೆ ಬರೋದು ನಿಲ್ಲಿಸಿದ. ಮೂರು ವರ್ಷದ ಹಿಂದೆ ರಸ್ತೆಯಲ್ಲಿ ಹೋಗಿಬಿಟ್ಟ. ಮಣ್ಣು ಮಾಡಿ ಬಂದು ಇನ್ನೂ ಸ್ನಾನ ಕೂಡ ಆಗಿರಲಿಲ್ಲ, ಹಿತ್ತಿಲ ಬಾಗಿಲಲ್ಲಿ ಒಬ್ಬರು ಅಪ್ಪನ ಕೈ ಹಿಡಿದು ಹೇಳಿದರು, “ದುಃಖ ಪಡಬೇಡಿ, ಆರಿಸಲ್ಪಟ್ಟವನಾಗಿದ್ದರೆ ಖಂಡಿತ ಅಲ್ಲಿರ್ತಾನೆ.” ಸಮಾಧಾನ ಅಂತಲೇ ಹೇಳಿದ್ದು. ಅಪ್ಪ ನಲವತ್ತು ವರ್ಷ ಹಳ್ಳಿ ಹಳ್ಳಿ ಸೈಕಲ್ ತುಳಿದು ವಾಕ್ಯ ಹೇಳಿದವರು. ಆ ‘ಆಗಿದ್ದರೆ’ ಅನ್ನೋ ಪದ ಅವರ ಗಂಟಲಲ್ಲಿ ಇವತ್ತಿಗೂ ಸಿಕ್ಕಿಕೊಂಡಿದೆ. ಆಮೇಲೆ ರೋಮಾ 8 ಓದೋದನ್ನೇ ಬಿಟ್ಟರು. ಅದು ಅವರಿಗೆ ಬಾಯಿಪಾಠ ಇದ್ದ ಅಧ್ಯಾಯ.

ಡಾರ್ಟ್‌ನವರೇ, ನಿಮ್ಮ 16, 17ನೇ ಕಲಮು ಚೆನ್ನಾಗಿದೆ. ಹಿತ್ತಿಲ ಬಾಗಿಲಿಗೆ ಅದು ಬರಲಿಲ್ಲ. ಬಂದದ್ದು ‘ಆಗಿದ್ದರೆ’ ಮಾತ್ರ.

ಡಾರ್ಟ್ ಅಭಿಮಾನಿ · 7:05

ಸಿಸ್ಟರ್, ಇದಕ್ಕೆ ನಾನು ವಾದ ಮಾಡಲ್ಲ. ಕ್ಷಮಿಸಿ.

ಕುಡ್ಲದ ಬಂಗುಡೆ · 7:30

ನಮ್ಮ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥದ 1037ನೇ ಕಂಡಿಕೆಯಲ್ಲಿ ದೇವರು ಯಾರನ್ನೂ ನರಕಕ್ಕೆ ಅಂತ ನೇಮಿಸಿಲ್ಲ ಅಂತ ಸ್ಪಷ್ಟ ಉಂಟು. ಇಂತಿಂಥವರು ನರಕದಲ್ಲಿದ್ದಾರೆ ಅಂತ ಹೆಸರು ಹಿಡಿದು ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಸಂತರ ಪಟ್ಟಿ ಮಾತ್ರ ಉಂಟು, ಇನ್ನೊಂದು ಪಟ್ಟಿ ಇಲ್ಲ. ಅಪ್ಪನಿಗೆ ಅದನ್ನೊಂದು ಹೇಳಿ ಅಕ್ಕ.

ಇನ್ನೊಂದು ಮಾತು. ನಮ್ಮಲ್ಲಿ ‘ದೈವಕರೆ’ ಅಂದರೆ ಫಾದರ್, ಸಿಸ್ಟರ್ ಆಗಲಿಕ್ಕೆ ಬರುವ ಕರೆ ಅಂತಲೇ ಹೆಚ್ಚಿನವರ ತಲೆಯಲ್ಲಿ. ಇಲ್ಲಿ ನೀವೆಲ್ಲ ರಕ್ಷಣೆಯ ಕರೆ ಅಂತಿದ್ದೀರಿ. ಎರಡಕ್ಕೂ ಒಂದೇ ಪದ ಆದದ್ದರಿಂದ ಗೊಂದಲ.

ವಿಜಯಪುರ ಎಕ್ಸ್‌ಪ್ರೆಸ್ · 7:48

ಮೂರನೇದೂ ಐತಿ. ನಮ್ಮ ಅಳಿಯ “ಕರೆ ಬಂದೈತಿ” ಅಂತ ಬ್ಯಾಂಕಿನ ನೌಕರಿ ಬಿಟ್ಟ. ಕರೆ ಅವಗ ಬಂತು, ಇಎಂಐ ನನಗ ಬಂತು.

ಮುಗಿಯದ ಬಿ.ಡಿ. · 8:20

ನೌಕರಿಯೂ ಕರೆಯೇ ಅಂದವನು 16ನೇ ಶತಮಾನದ ಜರ್ಮನ್ ಸುಧಾರಕ ಲೂಥರ್. ಅಲ್ಲಿತನಕ ಮಠದ ಬಾಳಿಗೆ ಮೀಸಲಾಗಿದ್ದ ‘ಕರೆ’ ಅನ್ನೋ ಮಾತನ್ನು ಲೋಕದ ದಿನನಿತ್ಯದ ದುಡಿಮೆಗೂ ಬಳಸಿದ. ಮುಂದೆ ಸಮಾಜಶಾಸ್ತ್ರಿ ಮ್ಯಾಕ್ಸ್ ವೇಬರ್ 1904-05ರಲ್ಲಿ ಇದಕ್ಕೆ ಮುನ್ನೇಮಕದ ಭಯವನ್ನು ಜೋಡಿಸಿ, ತಾನು ಆರಿಸಲ್ಪಟ್ಟವನೋ ಅಲ್ಲವೋ ಅಂತ ತಿಳಿಯದ ಸಂಕಟದಲ್ಲಿ ಜನ ಕತ್ತೆ ಹಾಗೆ ದುಡಿದರು, ಬಂಡವಾಳ ಬೆಳೆಯಿತು ಅಂದ.

ಕುಡ್ಲದ ಬಂಗುಡೆ · 8:24

ಹಾಗಾದರೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಸ್ವರ್ಗ ಸಿಗ್ತದೋ ಇಲ್ವೋ ಅನ್ನುವ ಹೆದರಿಕೆಗಾ?

ಮುಗಿಯದ ಬಿ.ಡಿ. · 8:31

ಅಲ್ಲ. ಜಾತಿ-ಕುಲ ಕಳೆದುಕೊಂಡು ಸೇರಿದವರಿಗೆ ಹೊಟ್ಟೆಪಾಡು ಬೇಕಿತ್ತು, ಅದಕ್ಕೆ. ಬಾಸೆಲ್‌ನವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ಭಕ್ತಿಪಂಥದ ಜನ. ಲೂಥರನ್ ಯಾರು, ರಿಫಾರ್ಮ್ಡ್ (ಕ್ಯಾಲ್ವಿನ್ ಕಡೆಯವರು) ಯಾರು ಅನ್ನೋ ಗೆರೆ ಅವರಲ್ಲಿ ಅಷ್ಟು ದಪ್ಪ ಇರಲಿಲ್ಲ.

ಕನ್ನಡ ನಾಡಿನ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್‌ನವರು. ಆ ಸಂಸ್ಥೆಯಲ್ಲಿ ಕ್ಯಾಲ್ವಿನ್ ಕಡೆಗೆ ವಾಲಿದವರೇ ಹೆಚ್ಚು. ಅವರ ದುಡಿಮೆಯಿಂದಲೇ 1831ಕ್ಕೆ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಅತ್ತ ಮೈಸೂರು, ತುಮಕೂರು ಕಡೆ ವೆಸ್ಲಿಯನ್ ಮಿಷನ್. ಅಂದರೆ ಬ್ರಿಸ್ಟಲ್ ಜಗಳದ ಎರಡೂ ಪಾರ್ಟಿ ನಮ್ಮೂರಿಗೆ ಬಂದಿವೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪ್ರಾಟೆಸ್ಟಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗ ಇಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿಗೆ ಬಂದು ಕೂತರು. ಜಗಳ ಬಗೆಹರಿದು ಕೂತದ್ದಲ್ಲ, ಅದು ಯಾರಿಗೂ ನೆನಪೇ ಇರಲಿಲ್ಲ.

‘ಎಲ್ಲ ಮೊದಲೇ ನಿರ್ಧಾರ ಆಗಿದ್ದರೆ ಸುವಾರ್ತೆ ಸಾರೋದು ಯಾಕೆ’ ಅನ್ನುವವರಿಗೂ ಇದೇ ಉತ್ತರ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಮುನ್ನೇಮಕ ನಂಬಿದ ಬ್ಯಾಪ್ಟಿಸ್ಟ್. ಕೆಲವರಿಗೆ ಅದು ಕಾಲು ಕಟ್ಟಿತು, ಕೇರಿಗೆ ಅದೇ ರೆಕ್ಕೆ ಆಯ್ತು.

ರಥಬೀದಿ ಮಾಣಿ · 8:40

‘ಮುನ್ನೇಮಕ’ ಅನ್ನುವ ಶಬ್ದ ಯಾರು ಮಾಡಿದ್ದು? ಸರ್ಕಾರಿ ನೌಕರಿಯ ನೇಮಕಾತಿ ಆದೇಶದ ಹಾಗೆ ಕೇಳ್ತದೆ.

ಮುಗಿಯದ ಬಿ.ಡಿ. · 9:02

ಅಲ್ಲೇ ಅವ್ವನವರ ಪ್ರಶ್ನೆಗೂ ಬಾಗಿಲು ಇದೆ ಅನ್ನಿಸುತ್ತೆ. ಮೂಲದ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇರುವುದೇ ಆರು ಸಲ. ಅದರ ಬೇರು ‘ಗಡಿ’. ಹೊಲಕ್ಕೆ ಮೊದಲೇ ಬದು ಹಾಕಿ ಇದು ಇಂಥದ್ದಕ್ಕೆ ಅಂತ ಗೊತ್ತುಮಾಡಿದ ಹಾಗೆ. ಈಗ ರೋಮಾ 8:29 ಮತ್ತೊಮ್ಮೆ ಓದಿ. ಯಾರನ್ನು ಅಂತ ಮಾತ್ರ ನೋಡಬೇಡಿ, ಯಾತಕ್ಕೆ ಅಂತ ನೋಡಿ. ‘ತನ್ನ ಮಗನ ಹೋಲಿಕೆಗೆ ಬರಲಿ’ ಅಂತ. ಸ್ವರ್ಗದ ಗೇಟಿನ ಪಟ್ಟಿ ಅಂತ ಪೌಲ ಅಲ್ಲಿ ಹೇಳಿಲ್ಲ. ಎಫೆಸದಲ್ಲೂ ಹಾಗೆಯೇ, ‘ನಮ್ಮನ್ನು’, ‘ಕ್ರಿಸ್ತನಲ್ಲಿ’ ಅಂತ ಬಹುವಚನ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಟಿಕ್ ಹಾಕೋ ಚಿತ್ರ ನಮ್ಮ ತಲೆಯದ್ದು.

9ನೇ ಅಧ್ಯಾಯದ ಯಾಕೋಬ-ಏಸಾವ, ಫರೋಹ, ಕುಂಬಾರ ಎಲ್ಲ ಬರುವುದು ‘ಇಸ್ರಾಯೇಲ್ಯರ ಗತಿ ಏನು’ ಅನ್ನೋ ಪೌಲನ ಹೊಟ್ಟೆ ಉರಿಯ ಒಳಗೆ. ಸ್ವಂತ ಜನಕ್ಕಾಗಿ ತಾನೇ ಶಾಪಗ್ರಸ್ತನಾದರೂ ಆಗಲಿ ಅನ್ನುತ್ತಾನೆ 9:3ರಲ್ಲಿ. ಆ ಸಂಕಟ 11:32ಕ್ಕೆ ಬಂದು ನಿಲ್ಲುತ್ತೆ, ದೇವರು ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ಇದೆಲ್ಲ ಅಂತ. 9ನ್ನು ಓದಿ ಪುಸ್ತಕ ಮುಚ್ಚಿದರೆ ಸಿನಿಮಾ ಇಂಟರ್ವಲ್‌ಗೆ ಎದ್ದು ಬಂದ ಹಾಗೆ.

20ನೇ ಶತಮಾನದಲ್ಲಿ ಸ್ವಿಸ್ ದೈವಶಾಸ್ತ್ರಿ ಕಾರ್ಲ್ ಬಾರ್ತ್ ಈ ಎಳೆ ಹಿಡಿದೇ ಕ್ಯಾಲ್ವಿನ್ ಮನೆಯ ಒಳಗಿನಿಂದ ಗೋಡೆ ಒಡೆದ. 1942ರ ಸಂಪುಟದಲ್ಲಿ ಅವನು ಹೇಳಿದ್ದು: ಆರಿಸಲ್ಪಟ್ಟವನು ಕ್ರಿಸ್ತ, ತಳ್ಳಲ್ಪಟ್ಟವನೂ ಕ್ರಿಸ್ತನೇ. ತಳ್ಳುವ ಪಾಲನ್ನು ದೇವರು ತನ್ನ ಮೇಲೆ ಎಳೆದುಕೊಂಡ.

ಡಾರ್ಟ್ ಅಭಿಮಾನಿ · 9:15

ಬಾರ್ತ್‌ನನ್ನು ನಾನು ಒಪ್ಪಲ್ಲ, ಅದು ಬೇರೆ ಚರ್ಚೆ. ಆದರೆ ಪಟ್ಟಿ ನೋಡಬೇಡಿ ಅಂತ ಕ್ಯಾಲ್ವಿನ್ನೇ ಹೇಳಿದ್ದಾನೆ, ಅದಕ್ಕೆ ಬಾರ್ತ್ ಬೇಕಾಗಿಲ್ಲ. 1559ರ ಅವನ ದೊಡ್ಡ ಗ್ರಂಥದಲ್ಲಿ ಈ ವಿಷಯ ಬರುವುದು ಮೂರನೇ ಭಾಗದ ಕೊನೇ ಕಡೆ. ವಿಶ್ವಾಸ, ಪ್ರಾರ್ಥನೆ ಎಲ್ಲ ಹೇಳಿ ಮುಗಿಸಿದ ಮೇಲೆ. ಶುರುವಿಗೇ ಇದಕ್ಕೆ ಕೈ ಹಾಕಿದರೆ ದಾರಿ ಸಿಗದ ಚಕ್ರವ್ಯೂಹದಲ್ಲಿ ಸಿಕ್ಕಿಕೊಳ್ಳುತ್ತೀರಿ ಅನ್ನುತ್ತಾನೆ. ಆರಿಸಲ್ಪಟ್ಟಿದ್ದೇನೋ ಇಲ್ಲವೋ ಅಂತ ನಮ್ಮೊಳಗೆ ಹುಡುಕಬೇಡಿ, ಕ್ರಿಸ್ತನೇ ಕನ್ನಡಿ, ಅದರಲ್ಲಿ ನೋಡಿ ಅಂತ.

ಅಕ್ಕಾ, ನಿಮ್ಮ ಯಜಮಾನರಿಗೆ ನನ್ನ ಕಡೆಯಿಂದ ಹೇಳಿ. ನಾವು ಹೊಸದಾಗಿ ಈ ಬೋಧನೆಗೆ ಬಂದವರು ಒಂದೆರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಇರಬೇಕು. ನಾನು ಹಾಕ್ಕೊಳ್ಳಲಿಲ್ಲ, ನನ್ನ ತಂಗಿ ಇವತ್ತಿಗೂ ನನ್ನ ಜತೆ ಸರಿಯಾಗಿ ಮಾತಾಡಲ್ಲ.

ಉಪದೇಶಿ ಮಗಳು · 9:40

ಮಗುವಿಗೆ ಸಮುವೇಲನ ಕಥೆ ಹೇಳಿ ಅಕ್ಕಾ. ಅವನೂ ಚಿಕ್ಕ ಹುಡುಗ. ರಾತ್ರಿ ಮಲಗಿದ್ದಾಗ ಹೆಸರು ಹಿಡಿದು ಕರೆದದ್ದು ಕೇಳಿ, ಮುದುಕ ಏಲಿಯ ಹತ್ತಿರ ಮೂರು ಸಲ ಓಡಿಹೋದ. ಮೂರು ಸಲವೂ ತಪ್ಪು ಮನುಷ್ಯನ ಹತ್ತಿರ! ದೇವರು ಬೈಯಲಿಲ್ಲ, ನಾಲ್ಕನೇ ಸಲವೂ ಕರೆದ.

ಮಡಿವಾಳ ಮಾರ್ಕೆಟ್ · 9:44

ಇದು ಚೆನ್ನಾಗಿದೆ. ನನಗೆ ಎಷ್ಟನೇ ಸಲವೋ.

ಬೆಟಗೇರಿ ಅವ್ವ · ರಾತ್ರಿ 9:55

ಎಲ್ಲಾರೂ ಇಷ್ಟು ಬರದೀರಿ, ಉಪಕಾರ ಮರಿಯಂಗಿಲ್ಲ.

ಮನಿಯವರು ಇದನ್ನೆಲ್ಲಾ ಓದಿದ್ರು. ಉಪದೇಶಿಯವರ ಮಗಳು ಬರದದ್ದು ಬಂದಾಗ ಫೋನ್ ಕೆಳಗಿಟ್ಟು ಹೊರಗ ಕಟ್ಟಿ ಮ್ಯಾಲೆ ಹೋಗಿ ಕುಂತ್ರು. ಆಮ್ಯಾಲ ಬಂದು, “ನನ್ನ ನಂಬಿಕಿ ಅದ ಐತಿ, ಆದ್ರ ಮಾತಾಡಿದ ರೀತಿ ತಪ್ಪಾತು” ಅಂದ್ರು. ಅತ್ತಿಗೂ ಹಂಗ ಹೇಳಿದ್ರು. ಅತ್ತಿ “ಉಣ್ಣು ಬಾ” ಅಂದ್ರು. ನಮ್ಮ ಮನ್ಯಾಗ ಅದ ರಾಜಿ.

ಸಮುವೇಲನ ಕಥಿ ಮಗಗ ಹೇಳಿದೆ. “ಏಲಿ ಅಜ್ಜಗ ಯಾಕ ಕೇಳಿಸಲಿಲ್ಲ?” ಅಂತ ಕೇಳಿದ. ನನ್ನ ಕಡೆ ಉತ್ತರ ಇರಲಿಲ್ಲ.

ಆಮ್ಯಾಲ ಅತ್ತಿ ಟ್ರಂಕಿನಾಗಿಂದ ಹಳೇ ಸತ್ಯವೇದ ತಗದ್ರು. ಮೂಲಿಯೆಲ್ಲಾ ಹುಳಾ ತಿಂದೈತಿ. ಅದರ ಮೊದಲನೇ ಖಾಲಿ ಹಾಳ್ಯಾಗ ನಮ್ಮ ಮನಿತನದಾಗ ದೀಕ್ಷಾಸ್ನಾನ ಆದವರ ಹೆಸರು ಬರಕೊಂಡು ಬಂದಾರ. ಮುತ್ತಜ್ಜನ ಹೆಸರು ಟಾಕಿನಾಗ, ಮಾವನವರದು ಶಾಯಿ ಪೆನ್ನಿನಾಗ, ಕೊನೀಗೆ ಮಗನದು ಬಾಲ್‌ಪೆನ್ನಿನಾಗ. ಅವರಪ್ಪನ ಕೈಬರಹ. “ಇಲ್ಲಿ ಐತಿ ನೋಡು ನಿನ್ನ ಹೆಸರು” ಅಂದ್ರು ಅತ್ತಿ.

ಡಾರ್ಟ್ ಅಭಿಮಾನಿ · 10:01

ಅಕ್ಕಾ, ಬೇಜಾರು ಮಾಡ್ಕೋಬೇಡಿ, ಸ್ನಾನದ ದಾಖಲೆ ಬೇರೆ, ಆರಿಸುವಿಕೆ ಬೇರೆ. ದೈವಶಾಸ್ತ್ರದ ಲೆಕ್ಕದಲ್ಲಿ ಅದು ಉತ್ತರ ಆಗಲ್ಲ.

ಬೆಟಗೇರಿ ಅವ್ವ · 10:08

ಗೊತ್ತೈತಪಾ ತಮ್ಮಾ. ಅತ್ತಿಗೂ ಗೊತ್ತೈತಿ. ಅವ ಬಟ್ಟು ಇಟ್ಟು ಒಂದೊಂದ ಹೆಸರು ಓದಿದ. ತನ್ನ ಹೆಸರಿಗೆ ಬಂದು, “ಅಪ್ಪಾ, ಒತ್ತಕ್ಷರ ತಪ್ಪು ಬರದೀ” ಅಂದ. ನೋಡಿದ್ರ ಖರೇನ ತಪ್ಪಿತ್ತು. ಒಂಬತ್ತು ವರ್ಷ ಯಾರೂ ನೋಡಿಲ್ಲ. ಈಗ ಪೆನ್ಸಿಲ್ ಹುಡುಕ್ಲಿಕತ್ತಾನ.

ವಿಜಯಪುರ ಎಕ್ಸ್‌ಪ್ರೆಸ್ · 10:10

ಪೆನ್ಸಿಲ್ ಬ್ಯಾಡ್ರಿ, ಅಳಸ್ತದ. ಪೆನ್ ಕೊಡ್ರಿ.

ಕುಡ್ಲದ ಬಂಗುಡೆ · 10:11

ಅದಿರಲಿ, ಮೇಲುಕೋಟೆಯವರು ಪುಳಿಯೋಗರೆ ಗೊಜ್ಜಿನ ಅಳತೆ ಇನ್ನೂ ಹೇಳಲೇ ಇಲ್ಲ.